ಹಿತ್ತಾಳೆ ಬಾಯಿ ಬಿಡುವುದು ತಡವಾಗಿ: ಕೈಯಲ್ಲಿ ತುಂಬಿದ ತೋಟೆಯ ಅತಿಒತ್ತಡದ ಗುರುತುಗಳು

ಪ್ರಶ್ನೆ: ನಾನು ಸಿದ್ದಾಪುರ ತಾಲೂಕಿನ ಅಡಿಕೆ ಬೆಳೆಗಾರ. ಮಗ ಅಮೆರಿಕದ ಅರಿಜೋನಾದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಗುರಿ ಹೊಡೆಯುವ ಕ್ಲಬ್ಬೊಂದಕ್ಕೆ ಸೇರಿ, .308 ವಿಂಚೆಸ್ಟರ್ ರೈಫಲ್ಲಿಗೆ ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾನೆ. ಜನವರಿಯಲ್ಲಿ ಎಲ್ಲ ಸರಿ ಇತ್ತಂತೆ. ಈಗ ಜುಲೈಯಲ್ಲಿ, ಅದೇ ಮದ್ದು ಅದೇ ತೂಕಕ್ಕೆ ಹಾಕಿದರೂ, ಈಡು ಹಾರಿದ ಮೇಲೆ, ತೋಟೆಯ ಹಿಂದೆ ಬಾಗಿಲಂತೆ ಮುಚ್ಚುವ ಬೋಲ್ಟು ಬಿಗಿಯಾಗಿ ಅಂಗೈಯಿಂದ ಗುದ್ದಿ ಎತ್ತಬೇಕಾಗುತ್ತಿದೆ. ಬದಲಾದದ್ದು ಒಂದೇ: ಅಗ್ಗಕ್ಕೆ ಸಿಕ್ಕಿತೆಂದು ಮಿಲಿಟರಿಯ ಹಳೆ ಕೇಸುಗಳನ್ನು, ಅಂದರೆ ತೋಟೆಯ ಹಿತ್ತಾಳೆ ಕವಚಗಳನ್ನು, ತಂದು ಬಳಸುತ್ತಿದ್ದಾನೆ. ಖಾಲಿ ಕೇಸಿನ ಫೋಟೋ ಕಳಿಸಿದ್ದ, ತಳದಲ್ಲಿ ಅರ್ಧಚಂದ್ರದಂಥ ಹೊಳಪಿನ ಗುರುತಿದೆ, ಮದ್ದಿಗೆ ಕಿಡಿ ಕೊಡುವ ಕೇಪು ಚಪ್ಪಟೆಯಾಗಿದೆ. "ತೋಟೆ ತುಂಬುವ ಪುಸ್ತಕದಲ್ಲಿ ಕೊಟ್ಟ ಮಿತಿಯೊಳಗೇ ಇದೆ ಅಪ್ಪಾ, ಹೆದರಬೇಡ" ಅನ್ನುತ್ತಾನೆ. ನನಗೆ ನಿದ್ದೆ ಬರುತ್ತಿಲ್ಲ. ನಮ್ಮ ಮನೆಯಲ್ಲೂ ಬೆಳೆ ರಕ್ಷಣೆಗೆಂದು ಅಜ್ಜನ ಕಾಲದ ಕೇಪಿನ ಕೋವಿ ಇದೆ. ದೀಪಾವಳಿಗೆ ಬಂದಾಗ ಸಲಕರಣೆ ತಂದು, ನೆರೆಮನೆಯವರ ತೋಟಾಕೋವಿಗೂ ತೋಟೆ ತುಂಬಿಕೊಡುತ್ತೇನೆ ಎಂದಿದ್ದಾನೆ. ಏನು ಹೇಳಲಿ?

ಉತ್ತರ: ಮೊದಲು ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಇವತ್ತೇ ಫೋನು ಮಾಡಿ, ಆ ಡಬ್ಬಿಯಲ್ಲಿ ಉಳಿದ ತೋಟೆ ಒಂದನ್ನೂ ಹಾರಿಸಬೇಡ ಎಂದು ಹೇಳಿ. "ಇನ್ನು ಹತ್ತೇ ಉಳಿದಿವೆ, ಮುಗಿಸಿಬಿಡುತ್ತೇನೆ" ಎಂದಾನು. ಆ ಹತ್ತನ್ನೂ ಬಿಚ್ಚಬೇಕು. ಗುಂಡು ಎಳೆದು ತೆಗೆಯುವ ಸಾಧನ ಅವನ ಹತ್ತಿರ ಇದ್ದೇ ಇರುತ್ತದೆ. ನಿಮ್ಮ ಹೆದರಿಕೆ ಸುಳ್ಳಲ್ಲ. ನೀವು ಬರೆದ ಮೂರು ಗುರುತುಗಳಲ್ಲಿ ಒಂದಕ್ಕೆ ಬೇರೆ ಕಾರಣ ಇರಬಹುದು. ಉಳಿದ ಎರಡು ಒಟ್ಟಿಗೆ ಬಂದಿವೆಯೆಂದರೆ ಒತ್ತಡ ಮಿತಿ ದಾಟಿದೆ.

ನಾನು ಸೇನೆಯ ಸಲಕರಣೆ ದುರಸ್ತಿಯ ವಿಭಾಗವಾದ ಇಎಂಇಯಲ್ಲಿ ಆರ್ಮರರ್ ಆಗಿ, ಅಂದರೆ ಬಂದೂಕು ರಿಪೇರಿಯವನಾಗಿ, ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಈಗ ಕಾರವಾರದಲ್ಲಿದ್ದೇನೆ. ಸಾವಿರಾರು ಖಾಲಿ ಕೇಸುಗಳನ್ನು ತಿರುಗಿಸಿ ನೋಡಿದ ಕಣ್ಣಿದು. ಆ ಕಣ್ಣು ಕಲಿತ ಪಾಠ ಇಷ್ಟು: ಕೇಸು ಎಂದೂ "ಮಿತಿ ಹತ್ತಿರ ಬಂತು, ನಿಲ್ಲು" ಎಂದು ಹೇಳುವುದಿಲ್ಲ. ಮಿತಿ ದಾಟಿ ಬಹಳ ದೂರ ಹೋದ ಮೇಲೆ "ಆಗಲೇ ದಾಟಿದ್ದೆ" ಎಂದು ಹೇಳುತ್ತದೆ. ನಿಮ್ಮ ಮಗ ಕೇಸಿನ ಮುಖ ನೋಡಿ ತೂಕ ಏರಿಸುವ ಅಭ್ಯಾಸ ಇಟ್ಟುಕೊಂಡಿದ್ದರೆ, ಬದಲಿಸಬೇಕಾದದ್ದು ಅದನ್ನೇ.

ಒತ್ತಡ ಅಂದರೆ ಎಷ್ಟು ಎಂಬುದು ಮೊದಲು ಮನಸ್ಸಿಗೆ ಬರಲಿ. ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಅದರೊಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು 15 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಅಳತೆ) ಹೆಚ್ಚು. .308 ತೋಟೆಗೆ ಅಮೆರಿಕದ ಸಾಮಿ ಎಂಬ ಸಂಸ್ಥೆ ನಿಗದಿ ಮಾಡಿದ ಗರಿಷ್ಠ ಸರಾಸರಿ ಒತ್ತಡ 62,000 ಪಿಎಸ್‌ಐ. ಹೆಚ್ಚುಕಡಿಮೆ ನಾಲ್ಕು ಸಾವಿರ ಪಟ್ಟು. ಬಂದೂಕು, ತೋಟೆ ತಯಾರಿಸುವ ಕಂಪನಿಗಳು 1926ರಲ್ಲಿ ಕಟ್ಟಿಕೊಂಡ ಸಂಸ್ಥೆ ಅದು. ಯೂರೋಪಿನವರು ಸಿಐಪಿ ಎಂಬ ಬೇರೆ ವ್ಯವಸ್ಥೆಯಲ್ಲಿ ಇದೇ ತೋಟೆಗೆ 4,150 ಬಾರ್ ಎನ್ನುತ್ತಾರೆ. ಅಳೆಯುವ ಕ್ರಮ ಸ್ವಲ್ಪ ಬೇರೆ, ಮಾತು ಒಂದೇ. ಇಷ್ಟು ಒತ್ತಡ ಹುಟ್ಟಿ ಇಳಿಯುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ. ಅಷ್ಟರಲ್ಲಿ ಬೋಲ್ಟಿನ ಮುಖದ ಮೇಲೆ ಮೂರು ಟನ್ನಿಗೂ ಮೀರಿದ ನೂಕು ಬಿದ್ದಿರುತ್ತದೆ. ಆ ಬೋಲ್ಟಿನಿಂದ ನಿಮ್ಮ ಮಗನ ಕೆನ್ನೆ ಒಂದು ಗೇಣು ದೂರದಲ್ಲಿರುತ್ತದೆ.

ಇಷ್ಟನ್ನು ತಡೆಹಿಡಿಯುವುದು ಏನು? ನಳಿಗೆಯ ಉಕ್ಕು, ಬೋಲ್ಟಿನ ಉಕ್ಕು. ಆದರೆ ಅನಿಲ ಹಿಂದಕ್ಕೆ ಸೋರದಂತೆ ಬಾಯಿ ಮುಚ್ಚುವುದು ಹಿತ್ತಾಳೆಯ ಕೇಸು. ನೂರಕ್ಕೆ ಎಪ್ಪತ್ತು ತಾಮ್ರ, ಮೂವತ್ತು ಸತು ಸೇರಿದ ಹಿತ್ತಾಳೆ ಅದು. ಈಡು ಹಾರುವ ಗಳಿಗೆಯಲ್ಲಿ ಕೇಸಿನ ಗೋಡೆ ಉಬ್ಬಿ, ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗವಾದ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಗುಂಡು ಹೊರಬಿದ್ದು ಒತ್ತಡ ಇಳಿದ ಕೂಡಲೇ ಕೂದಲೆಳೆಯಷ್ಟು ಕುಗ್ಗುತ್ತದೆ. ಆ ಕೂದಲೆಳೆಯ ಸಡಿಲಿನಿಂದಲೇ ಬೋಲ್ಟು ಎರಡು ಬೆರಳಿಗೆ ಎದ್ದುಬರುವುದು.

ಒತ್ತಡ ಮಿತಿ ಮೀರಿದಾಗ ಏನಾಗುತ್ತದೆಂದರೆ, ಚೇಂಬರಿನ ಉಕ್ಕೇ ಅರೆಗಳಿಗೆ ಹಿಗ್ಗುತ್ತದೆ. ಹಿತ್ತಾಳೆ ಅದರ ಬೆನ್ನಿಗೇ ಹಿಗ್ಗುತ್ತದೆ. ಉಕ್ಕಿಗೆ ಮರಳುವ ಗುಣವಿದೆ, ತನ್ನ ಅಳತೆಗೆ ವಾಪಸ್ಸು ಬರುತ್ತದೆ. ಅಷ್ಟು ಹಿಗ್ಗಿದ ಹಿತ್ತಾಳೆಗೆ ಪೂರ್ತಿ ಮರಳಲಾಗುವುದಿಲ್ಲ. ಜಾತ್ರೆಯಲ್ಲಿ ಬಳೆಗಾರ ಅಂಗೈ ಹಿಂಡಿ ತೊಡಿಸಿದ ಬಳೆ, ಕೈ ಬಿಟ್ಟ ಮೇಲೆ ಹಿಂದಕ್ಕೆ ಬರುತ್ತದೆಯೇ? ಹಾಗೆ ಉಕ್ಕು ಹಿತ್ತಾಳೆಯನ್ನು ಹಿಡಿದುಕೊಂಡುಬಿಡುತ್ತದೆ. ನಿಮ್ಮ ಮಗ ಅಂಗೈಯಿಂದ ಗುದ್ದುತ್ತಿರುವುದು ಈ ಹಿಡಿತದ ಮೇಲೆ. ಚೇಂಬರಿನಲ್ಲಿ ತುಕ್ಕು, ಮರಳು, ಒರಟು ಇದ್ದರೂ ಬೋಲ್ಟು ಬಿಗಿಯಾಗುವುದುಂಟು. ಕಾರ್ಖಾನೆಯ ತೋಟೆ ಹಾಕಿದಾಗ ಸಲೀಸಾಗಿ ಏಳುವ ಬೋಲ್ಟು ತನ್ನ ತೋಟೆಗೆ ಮಾತ್ರ ಬಿಗಿಯಾದರೆ, ಮರಳಿನ ಮೇಲೆ ಗೂಬೆ ಕೂರಿಸುವಂತಿಲ್ಲ.

ಇನ್ನು ಆ ಅರ್ಧಚಂದ್ರ. ಈ ಗುರುತಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮೂರರಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ಇಂದಿನ ಅನೇಕ ಬೋಲ್ಟ್ ರೈಫಲ್‌ಗಳಲ್ಲಿ ಬೋಲ್ಟಿನ ಮುಖದಲ್ಲಿ ಒಂದು ಸಣ್ಣ ತೂತು, ಅದರೊಳಗೆ ಸ್ಪ್ರಿಂಗಿನ ಮೇಲೆ ಕೂತ ಗೂಟ ಇರುತ್ತದೆ. ಎಜೆಕ್ಟರ್ ಅನ್ನುತ್ತಾರೆ, ಖಾಲಿ ಕೇಸನ್ನು ಹೊರಕ್ಕೆ ಚಿಮ್ಮಿಸುವುದು ಅದರ ಕೆಲಸ. ಮಾಮೂಲಿ ಒತ್ತಡದಲ್ಲಿ ಕೇಸಿನ ತಳ ಚಪ್ಪಟೆಯಾಗಿಯೇ ಉಳಿಯುತ್ತದೆ. ಅತಿಯಾದಾಗ ತಳದ ಹಿತ್ತಾಳೆ ಬೆಣ್ಣೆಯ ಹಾಗೆ ಆ ತೂತಿನೊಳಕ್ಕೆ ಇಳಿಯುತ್ತದೆ. ಆಮೇಲೆ ಬೋಲ್ಟು ತಿರುಗಿಸಿದಾಗ ತೂತಿನ ಅಂಚು ಆ ಉಬ್ಬನ್ನು ಹೆರೆದು ಸವರಿಬಿಡುತ್ತದೆ. ಹೊಳೆಯುವುದು ಹೀಗೆ ಹೆರೆದ ಜಾಗ. ಮಗನಿಗೆ ಹೇಳಿ, ಕೇಸನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ಹೊಳಪಿನ ಮೇಲೆ ಉಗುರು ಎಳೆಯಲಿ. ಬರೀ ಹೊಳಪಿದ್ದು ಉಗುರಿಗೆ ಏನೂ ಸಿಗದಿದ್ದರೆ ಒಂದು ಹಂತ. ಉಗುರು ತಡೆದು ನಿಂತರೆ, ಅಥವಾ ತಳದಲ್ಲಿ ಕೆತ್ತಿದ ಕಂಪನಿಯ ಅಕ್ಷರದ ಮೂಲೆ ಮಾಸಿದ್ದರೆ, ಹಿತ್ತಾಳೆ ಹರಿದಿದೆ ಎಂದೇ ಅರ್ಥ. ಹೊಚ್ಚಹೊಸ ಮೆತ್ತನೆ ಹಿತ್ತಾಳೆಯಲ್ಲಿ, ತೂತಿನ ಅಂಚು ತೀರ ಚೂಪಾಗಿದ್ದ ಬೋಲ್ಟಿನಲ್ಲಿ, ತುಸು ಗುರುತು ಬೀಳುವುದುಂಟು. ಬಿಗಿ ಬೋಲ್ಟಿನ ಜೊತೆ ಜೋಡಿಯಾಗಿ ಬಂದಾಗ ಆ ಸಮಾಧಾನಕ್ಕೆ ಜಾಗವಿಲ್ಲ.

ಚಪ್ಪಟೆ ಕೇಪಿನ ವಿಷಯ ಬೇರೆ. ಮೂರರಲ್ಲಿ ಒಂದಕ್ಕೆ ಬೇರೆ ಕಾರಣ ಇರಬಹುದು ಎಂದೆನಲ್ಲ, ಅದು ಇದೇ. ಹೆಚ್ಚಿನವರು ಮೊದಲು ನೋಡುವುದು ಕೇಪನ್ನು. ಹೊಸ ಕೇಪಿನ ಅಂಚು ದುಂಡಗಿರುತ್ತದೆ, ಅದರ ಸುತ್ತ ಸಣ್ಣ ಕಾಲುವೆಯಂಥ ಗೆರೆ ಕಾಣುತ್ತದೆ. ಒತ್ತಡ ಜೋರಾದಾಗ ಕೇಪು ಹರಡಿ ಆ ಕಾಲುವೆ ಮುಚ್ಚಿಹೋಗುತ್ತದೆ. ನಿಜವೇ. ಆದರೆ ಒಂದು ಕಂಪನಿಯ ಕೇಪಿನ ತಗಡು ಮೆತ್ತಗೆ, ಇನ್ನೊಂದರದ್ದು ಗಟ್ಟಿ. ಅದೇ ಒತ್ತಡಕ್ಕೆ ಒಂದು ಚಪ್ಪಟೆ, ಒಂದು ದುಂಡಗೆ. ಇನ್ನೂ ಒಂದು ಸೂಕ್ಷ್ಮವಿದೆ. ಹಾರಿಸಿದ ಕೇಸನ್ನು ಅಚ್ಚಿಗೊತ್ತಿ ಮತ್ತೆ ಮೊದಲಿನ ಅಳತೆಗೆ ತರುವಾಗ ಅದರ ಭುಜವನ್ನು, ಅಂದರೆ ಕತ್ತಿನ ಕೆಳಗಿನ ಇಳಿಜಾರನ್ನು, ಬೇಕಾದ್ದಕ್ಕಿಂತ ಹಿಂದಕ್ಕೆ ತಳ್ಳಿದ್ದರೆ, ಚೇಂಬರಿನಲ್ಲಿ ಕೇಸಿಗೆ ಹಿಂದೆಮುಂದೆ ಆಡಲು ಜಾಗ ಉಳಿಯುತ್ತದೆ. ಈಡು ಹಾರಿದಾಗ ಮೊದಲು ಕೇಪು ತನ್ನ ಕುಳಿಯಿಂದ ಹಿಂದಕ್ಕೆ ಹೊರಬರುತ್ತದೆ, ಬೆನ್ನಿಗೇ ಕೇಸಿನ ತಳ ಹಿಂದಕ್ಕೆ ಬಂದು ಅದನ್ನು ಬೋಲ್ಟಿಗೆ ಅಮುಕಿ ಮತ್ತೆ ಕುಳಿಗೆ ತಳ್ಳುತ್ತದೆ. ಹೊರಬಂದಿದ್ದ ಕೇಪು ಚಪಾತಿಯಾಗುತ್ತದೆ. ಒತ್ತಡ ಮಾಮೂಲಿಯೇ ಇದ್ದರೂ! ಹಾಗಾಗಿ ಚಪ್ಪಟೆ ಕೇಪೊಂದನ್ನೇ ನೋಡಿ ಹೆದರುವುದೂ ತಪ್ಪು, ದುಂಡಗಿನ ಕೇಪು ನೋಡಿ ಧೈರ್ಯ ತಾಳುವುದು ಅದಕ್ಕಿಂತ ದೊಡ್ಡ ತಪ್ಪು. ಒತ್ತಡ ಎಪ್ಪತ್ತು ಸಾವಿರ ಮುಟ್ಟಿದರೂ ಕೇಪು ದುಂಡಗೇ ಉಳಿದದ್ದುಂಟು.

ಕೇಪಿಗೆ ಬಡಿಯುವ ಫೈರಿಂಗ್ ಪಿನ್ ಹೊಡೆದ ಕುಳಿಯ ಸುತ್ತ ಜ್ವಾಲಾಮುಖಿಯ ಬಾಯಿಯಂತೆ ಅಂಚು ಎದ್ದುನಿಲ್ಲುವುದನ್ನೂ ಜನ ಒತ್ತಡದ ಗುರುತೆಂದೇ ಓದುತ್ತಾರೆ. ಪಿನ್ನಿನ ತೂತು ಪಿನ್ನಿಗಿಂತ ಅಗಲವಾದ ರೈಫಲ್‌ಗಳಲ್ಲಿ ಅದು ಕಾರ್ಖಾನೆಯ ತೋಟೆಯಲ್ಲೂ ಬರುತ್ತದೆ. ಕೇಪು ತೂತಾಗಿದ್ದರೆ ಮಾತ್ರ ಅರೆಕ್ಷಣವೂ ಯೋಚಿಸಬಾರದು. ಆ ತೂತಿನಿಂದ ಹಿಂದಕ್ಕೆ ನುಗ್ಗುವ ಅನಿಲ ಬೋಲ್ಟಿನ ಒಳಗಿಂದ ನೇರ ಮುಖದ ಕಡೆಗೇ ಬರುತ್ತದೆ. ಕಣ್ಣಿಗೆ ಗಟ್ಟಿ ಕನ್ನಡಕ ಹಾಕದೆ ಕೈಯಲ್ಲಿ ತುಂಬಿದ ತೋಟೆ ಹಾರಿಸುವವರನ್ನು ನಾನು ರೇಂಜಿನಲ್ಲಿ ನನ್ನ ಪಕ್ಕ ನಿಲ್ಲಿಸಿಕೊಂಡವನಲ್ಲ.

ಕೇಪಿನ ಕುಳಿ ಸಡಿಲಾಗುವುದು ನಾನು ಬಹಳ ಗೌರವ ಕೊಡುವ ಇನ್ನೊಂದು ಗುರುತು. ಕೇಸಿನ ತಳ ಬೇಕೆಂದೇ ಗಟ್ಟಿಯಾಗಿ ಮಾಡಿದ ಭಾಗ. ಅದು ಅಗಲವಾಗಿದೆಯೆಂದರೆ ಅಲ್ಲಿ ನಡೆದದ್ದು ಸಣ್ಣದಲ್ಲ. ಹೊಸ ಕೇಪನ್ನು ಕೂರಿಸುವಾಗ ಕೈಗೆ ತಡೆ ಸಿಗಬೇಕು. ಹೆಬ್ಬೆರಳಿಗೇ ಸರಕ್ಕನೆ ಇಳಿದರೆ ಆ ಕೇಸು ಗುಜರಿಗೆ. ಎರಡು ಮೂರು ಸಲ ಹಾರಿಸುವಷ್ಟರಲ್ಲಿ ಒಳ್ಳೆಯ ಕೇಸುಗಳ ಕುಳಿಗಳೆಲ್ಲ ಸಡಿಲಾಗುತ್ತಿವೆ ಎಂದರೆ ಬೇರೆ ಯಾವ ಗುರುತೂ ಇಲ್ಲದಿದ್ದರೂ ಮದ್ದು ಇಳಿಸಬೇಕು.

ಒಂದು ಗೊಂದಲ ನಿವಾರಿಸಿ ಮುಂದೆ ಹೋಗುತ್ತೇನೆ. ತಳದಿಂದ ಸುಮಾರು ಅರ್ಧ ಬೆರಳಗಲ ಮೇಲೆ ಕೇಸಿನ ಸುತ್ತ ಹೊಳೆಯುವ ಉಂಗುರ ಕಂಡರೆ, ಅದು ಒತ್ತಡಕ್ಕಿಂತ ಹೆಚ್ಚಾಗಿ ಕೇಸು ಹಿಗ್ಗಿ ಒಳಗೆ ತೆಳುವಾದ ಗುರುತು, ಭುಜ ಹಿಂದೆ ತಳ್ಳಿದ್ದರ ಫಲ. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಗೋಡೆಯ ಮೇಲೆ ಎಳೆದರೆ ಅಲ್ಲಿ ತಂತಿ ತಡೆಯುತ್ತದೆ. ಆ ಕೇಸು ಮುಂದಿನ ಸಲ ಎರಡು ತುಂಡಾಗುತ್ತದೆ. ಕತ್ತಿನ ಮೇಲೆ ಮಸಿ ಹತ್ತಿದ್ದರೆ ಅದು ಒತ್ತಡ ಕಡಿಮೆ ಇದ್ದುದಕ್ಕೆ ಸಾಕ್ಷಿ, ಅದಕ್ಕೆ ಗಾಬರಿ ಬೇಡ.

ಈಗ ನಿಮ್ಮ ಮಗನ ಮಾತಿಗೆ ಬರೋಣ. "ಪುಸ್ತಕದ ಮಿತಿಯೊಳಗೇ ಇದೆ." ಮಾಣಿ ಸುಳ್ಳು ಹೇಳುತ್ತಿಲ್ಲ. ಆದರೆ ಪುಸ್ತಕದ ಮಿತಿ ಪುಸ್ತಕದವರ ಪ್ರಯೋಗಾಲಯದ ನಳಿಗೆಗೆ, ಅವರು ಬಳಸಿದ ಕೇಸಿಗೆ, ಅವರ ಕೇಪಿಗೆ, ಆ ದಿನದ ತಾಪಕ್ಕೆ ಸೇರಿದ್ದು. ಇವನು ಅದರಲ್ಲಿ ಎರಡನ್ನು ಬದಲಿಸಿದ್ದಾನೆ, ಒಂದು ತಿಳಿದು, ಒಂದು ತಿಳಿಯದೆ.

ತಿಳಿದು ಬದಲಿಸಿದ್ದು ಕೇಸು. ಮಿಲಿಟರಿಯ 7.62×51 ಮಿ.ಮೀ. ಕೇಸಿನ ಹೊರ ಅಳತೆ .308ರದ್ದೇ. ಗೋಡೆ ಸಾಮಾನ್ಯವಾಗಿ ದಪ್ಪ. ಹೊರಗೆ ಅಷ್ಟೇ ಇದ್ದು ಗೋಡೆ ದಪ್ಪವಾದರೆ ಒಳಗಿನ ಜಾಗ ಕಡಿಮೆ. ಅಷ್ಟೇ ಮದ್ದು ಇಕ್ಕಟ್ಟಾದ ಕೋಣೆಯಲ್ಲಿ ಉರಿದರೆ ಒತ್ತಡ ಏರಲೇಬೇಕು. ಮನೆಯಲ್ಲೇ ನೋಡಬಹುದು: ಹಳೆಯ ಕೇಸು ಐದು, ಮಿಲಿಟರಿಯದ್ದು ಐದು, ಕೇಪು ತೆಗೆದು ತಕ್ಕಡಿಗೆ ಹಾಕಲಿ. ಭಾರ ಹೆಚ್ಚಿದ್ದರ ಒಳಗೆ ಜಾಗ ಕಡಿಮೆ. ಮಿಲಿಟರಿ ಕೇಸಿಗೆ ಬಂದಾಗ ಮದ್ದನ್ನು ನೂರಕ್ಕೆ ಹತ್ತರಷ್ಟು ಇಳಿಸಿ, ಅಲ್ಲಿಂದ ಮತ್ತೆ ಮೊದಲಿನಿಂದ ಹತ್ತಬೇಕೆಂಬುದು ಈ ಕೆಲಸದವರ ಹಳೆಯ ನಿಯಮ. ಇವನು ಅದೇ ತೂಕ ಹಾಕಿದ.

ತಿಳಿಯದೆ ಬದಲಾದದ್ದು ತಾಪ. ಜನವರಿಯ ಬೆಳಿಗ್ಗೆ ಫೀನಿಕ್ಸಿನಂಥ ಊರಲ್ಲಿ 8 ಡಿಗ್ರಿ ಇದ್ದರೆ ಜುಲೈ ಮಧ್ಯಾಹ್ನ 43, 44. ಬಿಸಿಯಾದ ಮದ್ದು ಬೇಗ ಉರಿಯುತ್ತದೆ. ತಾಪಕ್ಕೆ ಸುಲಭವಾಗಿ ಬಗ್ಗದಂಥ ಮದ್ದುಗಳು ಈಗ ಬಂದಿವೆ. ಹಳೆ ಬಗೆಯ ಮದ್ದುಗಳಲ್ಲಿ ಪ್ರತಿ ಡಿಗ್ರಿ ಫ್ಯಾರನ್‌ಹೀಟಿಗೆ ಗುಂಡಿನ ವೇಗ ಸೆಕೆಂಡಿಗೆ ಒಂದು ಅಡಿಗೂ ಮೇಲೆ ಏರಬಹುದು. ಎಂಟರಿಂದ ನಲವತ್ನಾಲ್ಕು ಅಂದರೆ ಅವರ ಲೆಕ್ಕದಲ್ಲಿ ಅರವತ್ತೈದು ಡಿಗ್ರಿ ಏರಿಕೆ. ಅದೂ ನೆರಳಿನ ಲೆಕ್ಕ. ತೋಟೆಯ ಡಬ್ಬಿಯನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಟ್ಟಿದ್ದರೆ, ಇಪ್ಪತ್ತು ಈಡು ಹಾರಿಸಿ ಸುಡುವ ಚೇಂಬರಿನಲ್ಲಿ ಒಂದು ತೋಟೆ ಇಟ್ಟುಕೊಂಡು ಹರಟೆ ಹೊಡೆಯುತ್ತ ನಿಂತಿದ್ದರೆ, ಇನ್ನೂ ಹೆಚ್ಚು. ನಮ್ಮ ಕರಾವಳಿಯವರಿಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ, ಕಾರವಾರದಲ್ಲಿ ಚಳಿಗಾಲಕ್ಕೂ ಬೇಸಿಗೆಗೂ ಅಷ್ಟು ಅಂತರವೇ ಇಲ್ಲ. ಮರುಭೂಮಿಯಲ್ಲಿ ಚಳಿಯಲ್ಲಿ ಹೊಂದಿಸಿದ ಲೆಕ್ಕ ಬೇಸಿಗೆಗೆ ನಡೆಯುವುದಿಲ್ಲ. ಬೇಸಿಗೆಗೆ ಹೊಂದಿಸಿದ್ದು ಚಳಿಗೆ ನಡೆಯುತ್ತದೆ.

ಮದ್ದು ಮತ್ತು ಒತ್ತಡ ಜೋಡೆತ್ತಿನ ಹಾಗೆ ಒಂದೇ ಹೆಜ್ಜೆಯಲ್ಲಿ ಹೋಗುವುದಿಲ್ಲ. ಮಿತಿಯ ಹತ್ತಿರ ನೂರಕ್ಕೆ ಒಂದರಷ್ಟು ಮದ್ದು ಏರಿಸಿದರೆ ವೇಗ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಒತ್ತಡ ಅದರ ಎರಡು ಪಟ್ಟಿಗೂ ಮೇಲೆ. ಮೇಲಿನ ತುದಿಯಲ್ಲಿ ಸಿಗುವ ವೇಗ ಚಿಲ್ಲರೆ, ತೆರುವ ಬೆಲೆ ದೊಡ್ಡದು.

ಇವಿಷ್ಟೇ ಅಲ್ಲದೆ ಅವನು ಕೈಯಾರೆ ನೋಡಬೇಕಾದ ಕೆಲವು ಜಾಗಗಳಿವೆ. ತಕ್ಕಡಿಯನ್ನು ತೂಕದ ಕಲ್ಲಿಟ್ಟು ಪರೀಕ್ಷಿಸಲಿ. ಮದ್ದು ತೂಗುವ ಅಳತೆಯಾದ ಒಂದು ಗ್ರೇನ್ ಅಂದರೆ 65 ಮಿಲಿಗ್ರಾಮಿಗೂ ಕಡಿಮೆ, ಫ್ಯಾನಿನ ಗಾಳಿಗೂ ಎಲೆಕ್ಟ್ರಾನಿಕ್ ತಕ್ಕಡಿ ತಪ್ಪು ಹೇಳುತ್ತದೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಲಿ. ಎರಡಿದ್ದ ಕಡೆ ಒಂದು ದಿನ ಅದಲುಬದಲು ಆಗಿಯೇ ಆಗುತ್ತದೆ, ಬೇಗ ಉರಿಯುವ ಮದ್ದು ನಿಧಾನದ್ದರ ಜಾಗದಲ್ಲಿ ಬಿದ್ದರೆ ಗುರುತು ನೋಡಲು ಕೇಸೇ ಉಳಿಯುವುದಿಲ್ಲ. ಕೇಸಿನ ಉದ್ದ ಅಳೆಯಲಿ. ಹಲವು ಸಲ ಹಾರಿಸಿದ ಕೇಸಿನ ಕತ್ತು ಉದ್ದವಾಗಿ ಚೇಂಬರಿನ ತುದಿಗೆ ಸಿಕ್ಕಿಕೊಂಡರೆ ಗುಂಡನ್ನು ಬಿಡದೆ ಹಿಡಿಯುತ್ತದೆ. ಗುಂಡನ್ನು ಹೊರಗೆ ಚಾಚಿ ಕೂರಿಸಿ ನಳಿಗೆಯ ಸುರುಳಿಗೆರೆಗಳಿಗೆ ತಾಗಿಸಿದ್ದರೂ ಒತ್ತಡ ನೆಗೆಯುತ್ತದೆ. ಜೋರಾದ ಕಿಡಿ ಕೊಡುವ ಮ್ಯಾಗ್ನಮ್ ಕೇಪು ಹಾಕಿದ್ದರೂ ಹಾಗೆಯೇ. ನಳಿಗೆಯ ಗಂಟಲಲ್ಲಿ ಮಸಿ ಗಟ್ಟಿಕಟ್ಟಿ ಉಂಗುರವಾಗಿದೆಯೇ ಎಂದೂ ನೋಡಲಿ. ನೂರಾರು ಈಡು ಸರಿಯಾಗಿ ಹೋದ ತೋಟೆ ಒಂದು ದಿನ ಇದ್ದಕ್ಕಿದ್ದಂತೆ ಬಿಗಿಯಾಗುವುದಕ್ಕೆ ಈ ಉಂಗುರವೂ ಕಾರಣವಾಗುತ್ತದೆ.

ಹಾಗಾದರೆ ಕೇಸನ್ನು ನಂಬದೆ ಯಾರನ್ನು ನಂಬಬೇಕು? ಕ್ರೋನೋಗ್ರಾಫನ್ನು. ಗುಂಡಿನ ವೇಗ ಅಳೆಯುವ ಪೆಟ್ಟಿಗೆ ಅದು, ಇವನು ತೋಟೆಗೆ ಹಾಕಿದ ಖರ್ಚಿನ ಮುಂದೆ ಅದರ ಬೆಲೆ ದೊಡ್ಡದಲ್ಲ. ವೇಗ ಬಿಟ್ಟಿ ಬರುವುದಿಲ್ಲ, ಒತ್ತಡದಿಂದಲೇ ಬರಬೇಕು. ಪುಸ್ತಕದಲ್ಲಿ ಗರಿಷ್ಠ ಮದ್ದಿಗೆ ಸೆಕೆಂಡಿಗೆ 2,700 ಅಡಿ ಎಂದಿದೆ ಎಂದಿಟ್ಟುಕೊಳ್ಳಿ. ಅಷ್ಟೇ ಉದ್ದದ ನಳಿಗೆಯಲ್ಲಿ ಇವನಿಗೆ 2,780 ಬಂದರೆ, ತಕ್ಕಡಿ ಏನೇ ಹೇಳಲಿ, ಕೇಪು ಎಷ್ಟೇ ದುಂಡಗಿರಲಿ, ಮಿತಿ ಮೀರಿದೆ. ನಳಿಗೆಯ ಉದ್ದವನ್ನೂ ಹೋಲಿಸಲಿ. ಪುಸ್ತಕದ್ದು 24 ಇಂಚು, ಇವನದ್ದು 20 ಇಂಚು ಇದ್ದರೆ ಇವನ ವೇಗ ಸುಮಾರು ನೂರು ಅಡಿ ಕಡಿಮೆ ಬರಬೇಕು. ಚಿಕ್ಕ ನಳಿಗೆಯಲ್ಲಿ ಪುಸ್ತಕದ ಪೂರ್ತಿ ವೇಗ ಬಂತೆಂದು ಹಿಗ್ಗುವವರನ್ನು ಕಂಡಿದ್ದೇನೆ. ಅದು ಹಿಗ್ಗುವ ಸುದ್ದಿಯಲ್ಲ.

ಇನ್ನೊಂದನ್ನು ದಯವಿಟ್ಟು ಒತ್ತಿ ಹೇಳಿ. ಇಂಥ ಗುರುತು ಕಂಡಾಗ ಬಹಳ ಮಂದಿ ಅರ್ಧ ಗ್ರೇನ್ ಇಳಿಸುತ್ತಾರೆ, ಬೋಲ್ಟು ಸಲೀಸಾಗಿ ಎದ್ದರೆ "ಸರಿಯಾಯ್ತು" ಎಂದು ಅಲ್ಲೇ ನಿಲ್ಲುತ್ತಾರೆ. ಸರಿಯಾಗಿಲ್ಲ. .308ರ ಮಿತಿ 62,000. ಹಿತ್ತಾಳೆ ಬಾಯಿ ಬಿಡುವುದು ಅನೇಕ ಸಲ ಎಪ್ಪತ್ತು ಸಾವಿರದ ಆಚೆಈಚೆ. ಅರ್ಧ ಗ್ರೇನ್ ಇಳಿಸಿದಾಗ ಒತ್ತಡ ಅರವತ್ತೇಳಕ್ಕೆ ಬಂದು ಹಿತ್ತಾಳೆ ಸುಮ್ಮನಾಯಿತು, ಅಷ್ಟೆ. ಪ್ರತಿ ಈಡಿಗೂ, ಬೋಲ್ಟನ್ನು ಅದರ ಜಾಗದಲ್ಲಿ ಬಿಗಿಹಿಡಿಯುವ ಹಲ್ಲುಗಳು ಆ ಹೆಚ್ಚಿನ ಹೊಡೆತ ತಿನ್ನುತ್ತಲೇ ಇರುತ್ತವೆ, ಮುಂದೊಂದು ಬಿಸಿಲಿನ ದಿನಕ್ಕೆ ಉಳಿಯಬೇಕಾದ ಅಂತರವೂ ಖರ್ಚಾಗಿಹೋಗಿರುತ್ತದೆ. ಇಳಿಯುವುದಾದರೆ ಪುಸ್ತಕದ ಆರಂಭದ ತೂಕಕ್ಕೇ ಇಳಿಯಬೇಕು. ಅಲ್ಲಿಂದ ಸಣ್ಣ ಮೆಟ್ಟಿಲಲ್ಲಿ, ಬಿಸಿಲಿನ ದಿನದಲ್ಲೇ, ವೇಗ ಅಳೆಯುತ್ತ ಹತ್ತಲಿ. ಹಾಗೆಂದು ಆರಂಭದ ತೂಕಕ್ಕಿಂತಲೂ ಕೆಳಗೆ ಹೋಗುವುದು ಬೇಡ, ನಿಧಾನ ಉರಿಯುವ ಮದ್ದು ತೀರ ಕಡಿಮೆಯಾದರೂ ಅಪಾಯವೇ.

ರೇಂಜಿನಲ್ಲಿ ಎರಡು ಸಂದರ್ಭ ನೆನಪಿರಲಿ. ಈಡು ಹಾರಿದ ಮೇಲೆ ಬೋಲ್ಟು ಏಳದಿದ್ದರೆ ಸುತ್ತಿಗೆ ತರಬಾರದು, ನಳಿಗೆ ಸುರಕ್ಷಿತ ದಿಕ್ಕಿಗಿಟ್ಟು ತಣಿಯಲು ಬಿಟ್ಟು, ಬಂದೂಕು ರಿಪೇರಿಯವರ ಹತ್ತಿರ ಒಯ್ಯಬೇಕು. "ಢಂ" ಬದಲು "ಠುಸ್" ಎಂದರೆ ಅಲ್ಲಿಗೇ ನಿಲ್ಲಿಸಿ, ಬೋಲ್ಟು ತೆಗೆದು, ನಳಿಗೆಯಲ್ಲಿ ಬೆಳಕು ಹಾಯುತ್ತದೆಯೇ ನೋಡಬೇಕು. ಒಳಗೆ ಸಿಕ್ಕಿಕೊಂಡ ಗುಂಡಿನ ಬೆನ್ನಿಗೆ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ.

ದೀಪಾವಳಿಗೆ ಸಲಕರಣೆ ತರುವ ಮಾತು ಪೂರ್ತಿ ಬಿಟ್ಟುಬಿಡಲಿ. ಅರಿಜೋನಾದಲ್ಲಿ ಅವನ ಹವ್ಯಾಸ ಅಲ್ಲಿಯ ಕಾನೂನಿಗೆ ಸರಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂಬ ಪದದೊಳಗೆ ತೋಟೆಯ ಬಿಡಿಭಾಗಗಳೂ ತೋಟೆ ತಯಾರಿಸುವ ಯಂತ್ರಗಳೂ ಸೇರುತ್ತವೆ. ತಯಾರಿಕೆಗೆ ಐದನೇ ಕಲಮಿನಡಿ ಬೇರೆಯೇ ಲೈಸೆನ್ಸು ಬೇಕು. ಬೆಳೆ ರಕ್ಷಣೆಯ ಲೈಸೆನ್ಸು ಇದೆಯೆಂದು ಇನ್ನೊಬ್ಬರಿಗೆ ತೋಟೆ ತುಂಬಿಕೊಡಲು ಬರುವುದಿಲ್ಲ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ಖಾಲಿ ಕೇಸಿಗೂ ವಿಮಾನ ನಿಲ್ದಾಣದಲ್ಲಿ ತೊಂದರೆಯಾಗುತ್ತದೆ. ಹೊರಡುವ ಮೊದಲು ಬ್ಯಾಗು, ಜಾಕೆಟ್ಟಿನ ಜೇಬು ಎಲ್ಲ ಕೊಡವಿ ನೋಡಲು ಹೇಳಿ. ನೆರೆಯವರು ತಮ್ಮ ಲೈಸೆನ್ಸಿನಲ್ಲಿ ಬರೆದಷ್ಟು ತೋಟೆಯನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಲಿ.

ಕೊನೆಗೆ ನಿಮ್ಮ ಅಜ್ಜನ ಕೋವಿ. ಪತ್ರದಲ್ಲಿ ಅದನ್ನು ಒಂದು ಸಾಲಿನಲ್ಲಿ ಬರೆದಿದ್ದೀರಿ, ನನಗೆ ಮಗನ ರೈಫಲ್ಲಿಗಿಂತ ಅದರದ್ದೇ ಹೆಚ್ಚು ಚಿಂತೆ. ಮಗನ ಹತ್ತಿರ ತಡವಾಗಿಯಾದರೂ ಬಾಯಿ ಬಿಡುವ ಕೇಸಿದೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಕೇಸೇ ಇಲ್ಲ, ಹೇಳುವವರೂ ಇಲ್ಲ. ನಾನು ಚಿಕ್ಕವನಿದ್ದಾಗ, ಕದ್ರಾ ಕಡೆಯ ನಮ್ಮೂರಲ್ಲಿ, ತಂದೆಯ ಗೆಳೆಯರೊಬ್ಬರಿಗೆ ಕರಿಮದ್ದು ಸಿಗಲಿಲ್ಲವೆಂದು ಯಾರೋ ತೋಟೆ ಬಿಚ್ಚಿ ಒಳಗಿನ ಹೊಗೆಯಿಲ್ಲದ ಮದ್ದು ಕೊಟ್ಟರು. ಅವರು ಅಳತೆ ಬಟ್ಟಲಿನಲ್ಲಿ ಎಂದಿನಷ್ಟೇ ಅಳೆದು ಹಾಕಿದರು. ಕರಿಮದ್ದು ಅದೇ ಅಳತೆಗೆ ಕೊಡುವ ಒತ್ತಡವೆಲ್ಲಿ, ಇದು ಕೊಡುವುದೆಲ್ಲಿ! ಕಾಡುಹಂದಿ ಓಡಿಸಲು ಮೇಲಕ್ಕೆ ಹೊಡೆದ ಒಂದೇ ಈಡಿಗೆ ನಳಿಗೆ ಬುಡದಲ್ಲಿ ಬಾಳೆದಿಂಡಿನ ಹಾಗೆ ಸೀಳಿ ಎಡಗೈಯ ಮೂರು ಬೆರಳು ಹೋದವು. ನಾನು ಆರ್ಮರರ್ ಕೆಲಸ ಆರಿಸಿಕೊಂಡದ್ದರ ಹಿಂದೆ ಆ ಕೈ ಇದೆ. ಕರಿಮದ್ದಿನ ಕೋವಿಗೆ ಹೊಗೆಯಿಲ್ಲದ ಮದ್ದು ಒಂದು ಚಿಟಿಕೆಯೂ ಬೇಡ, ಬೆರಕೆಯಾಗಿಯೂ ಬೇಡ.

ನಳಿಗೆಗೆ ಏನಾದರೂ ಅಡ್ಡ ಕೂತಿದ್ದರೂ ಫಲ ಅದೇ. ಮಳೆಗಾಲದಲ್ಲಿ ಅಟ್ಟದ ಮೇಲೆ ಮಲಗಿಸಿಟ್ಟ ಕೋವಿಯ ಬಾಯೊಳಗೆ ಕಡಜ ಮಣ್ಣಿನ ಗೂಡು ಕಟ್ಟುವುದು ನಿಮ್ಮ ಕಡೆ ಹೊಸತೇನಲ್ಲ. ಬೆರಳುದ್ದದ ಆ ಒಣಮಣ್ಣು ಸಾಕು. ಚುನಾವಣೆಗೆಂದು ಠಾಣೆಯಲ್ಲಿಟ್ಟು ತಿಂಗಳುಗಟ್ಟಲೆ ಆಮೇಲೆ ತಂದ ಕೋವಿಯನ್ನೂ ನೋಡದೆ ತುಂಬಬಾರದು. ನಳಿಗೆಯ ಹೊರಮೈ ಮೇಲೆ ಬೆರಳು ಸುತ್ತಿ ಬುಡದಿಂದ ತುದಿಯವರೆಗೆ ನಿಧಾನ ಜಾರಿಸಿ. ಎಲ್ಲಾದರೂ ಉಂಗುರದಂತೆ ಉಬ್ಬು ಸಿಕ್ಕಿದರೆ ಹಿಂದೊಮ್ಮೆ ಅಲ್ಲಿ ಏನೋ ಅಡ್ಡ ಇತ್ತು, ಆ ನಳಿಗೆಯ ಆಯುಷ್ಯ ಮುಗಿದಿದೆ.

ಹಳೆ ಕೋವಿಗಳಲ್ಲಿ ಯಾವತ್ತೋ ತುಂಬಿಟ್ಟ ಮದ್ದು ಇನ್ನೂ ಕೂತಿರುವುದೂ ಇದೆ. ಅದನ್ನು ಹೀಗೆ ನೋಡಿ: ಮೊಲೆಯ (ಕೇಪು ಕೂರಿಸುವ ಚಿಕ್ಕ ಕೊಳವೆಯ) ಮೇಲೆ ಕೇಪು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೋವಿಯ ಬಾಯಿಗೆ ಮುಖ ಕೊಡದೆ ಪಕ್ಕಕ್ಕೆ ನಿಂತು, ಗಜವನ್ನು (ಮದ್ದು ಜಡಿಯುವ ಕೋಲನ್ನು) ಒಳಗೆ ತಳದವರೆಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕಿ. ಗಜ ಹೊರಗೆ ತೆಗೆದು ನಳಿಗೆಯ ಹೊರಮೈಗೆ, ಗುರುತು ಬಾಯಿಗೆ ಸರಿಯಾಗಿ ಬರುವಂತೆ ಹಿಡಿಯಿರಿ. ಗಜದ ತುದಿ ಮೊಲೆಯ ಹತ್ತಿರ ಬಂದರೆ ಕೋವಿ ಖಾಲಿ. ಎರಡು ಮೂರು ಬೆರಳು ಮುಂದೆಯೇ ನಿಂತರೆ ಒಳಗೆ ಮದ್ದಿದೆ ಅಥವಾ ಮಣ್ಣಿದೆ. ಹಾಗಾದರೆ ಕೆದಕಬೇಡಿ, ಕಾಯಿಸಬೇಡಿ, ಹಾರಿಸಿ ಖಾಲಿ ಮಾಡಲಂತೂ ಹೋಗಬೇಡಿ. ಠಾಣೆಗೆ ತಿಳಿಸಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಂದಲೇ ತೆಗೆಸಿ.